ಹಳೆಯ ಮೋಟಾರು ಕಾರೂ ಹೊಗೆಯ ಪರೀಕ್ಷೆಯೂ

ಮೋಟಾರು ವಾಹನವನ್ನು ಇಟ್ಟುಕೊಂಡವರೆಲ್ಲರೂ ಕಾಲಕಾಲಕ್ಕೆ ಅದರ ಹೊಗೆಯನ್ನು ಪರೀಕ್ಷೆಗೆ ಒಪ್ಪಿಸಿ, ಅದು ನಿಯಮಿತ ಮಿತಿಯೊಳಗಿದೆಯೆಂಬ ಪ್ರಮಾಣಪತ್ರವನ್ನು ಪಡೆಯತಕ್ಕದ್ದೆಂಬುದು ನಮ್ಮ ದೇಶದ ಕಾನೂನು. ಜನರ ಮಾತಿನಲ್ಲಿ ಇದಕ್ಕೆ ‘ಎಮಿಷನ್ ಟೆಸ್ಟ್’ ಎಂದೇ ಹೆಸರು. ಹೊಸ ವಾಹನಗಳ ಮಟ್ಟಿಗೆ ಈ ಪರೀಕ್ಷೆಯು ಬಹುಮಟ್ಟಿಗೆ ಔಪಚಾರಿಕವಾದುದು. ಯಾವ ಸಿದ್ಧತೆಯೂ ಇಲ್ಲದೆ ಅವು ತೇರ್ಗಡೆಯಾಗುತ್ತವೆ. ಇಪ್ಪತ್ತೈದು ಮೂವತ್ತು ವರ್ಷ ದುಡಿದಿರುವ ಕಾರಿನ ಪಾಡು ಬೇರೆ. ಅದು ಒಮ್ಮೆ ಅನುತ್ತೀರ್ಣವಾಯಿತೆಂದರೆ ಅದರ ಯಜಮಾನರ ಮುಂದೆ ಎರಡು ದಾರಿಗಳಿರುತ್ತವೆ. ಕಾರ್ಬ್ಯುರೇಟರಿನ ಒಂದು ತಿರುಪನ್ನು ಆ ಗಳಿಗೆಗೆ ಮಾತ್ರ ತಿರುಗಿಸಿ, ಪ್ರಮಾಣಪತ್ರ ಕೈಗೆ ಬಂದ ಮೇಲೆ ಅದನ್ನು ಯಥಾಸ್ಥಾನಕ್ಕೆ ತರುವುದು ಒಂದು. ಅನುತ್ತೀರ್ಣವಾದುದೇಕೆಂದು ವಿಚಾರಿಸಿ ಎಂಜಿನ್ನಿನ ದೋಷವನ್ನು ಕಳೆಯುವುದು ಇನ್ನೊಂದು. ಮೊದಲನೆಯದು ಅಗ್ಗ, ಎರಡನೆಯದು ದುಬಾರಿ ಎಂಬುದು ಸಾಮಾನ್ಯವಾದ ಭಾವನೆ.

ಈ ಭಾವನೆಯು ಸರಿಯಲ್ಲವೆಂಬುದನ್ನೂ, ಪರೀಕ್ಷಾಯಂತ್ರವು ತೋರಿಸುವ ಅಂಕಗಳನ್ನು ಓದಬಲ್ಲವರಿಗೆ ಆ ಅಂಕಗಳಲ್ಲಿಯೇ ಚಿಕಿತ್ಸೆಯ ಕ್ರಮವೂ ಅಡಗಿದೆಯೆಂಬುದನ್ನೂ ಭೌತ ಮತ್ತು ರಸಾಯನ ಶಾಸ್ತ್ರಗಳ ಪ್ರಾಥಮಿಕ ತತ್ತ್ವಗಳಿಂದಲೇ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ವಿವೇಚನೆಯನ್ನು ಪೆಟ್ರೋಲಿನಿಂದ ನಡೆಯುವ ಕಾರುಗಳಿಗೆ, ಅದರಲ್ಲಿಯೂ ಮುಖ್ಯವಾಗಿ ಕಾರ್ಬ್ಯುರೇಟರುಳ್ಳ ಹಳೆಯ ಕಾರುಗಳಿಗೆ ಸೀಮಿತಗೊಳಿಸಿದೆ. ಡೀಸೆಲ್ ಎಂಜಿನ್ನಿನ ದಹನಕ್ರಮವೂ ಪರೀಕ್ಷಾಕ್ರಮವೂ ಬೇರೆಯಾದುದರಿಂದ ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.

೧. ನಿಯಮದ ಸ್ವರೂಪ

ಕಾರಿನ ಹೊಗೆಗೂ ನಗರದ ಗಾಳಿಗೂ ಇರುವ ಸಂಬಂಧವನ್ನು ಪ್ರಯೋಗಗಳಿಂದ ಸ್ಥಾಪಿಸಿದವರಲ್ಲಿ ಅಗ್ರಗಣ್ಯನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಧ್ಯಾಪಕನಾಗಿದ್ದ ರಸಾಯನ ವಿಜ್ಞಾನಿ ಹಾಗೆನ್-ಸ್ಮಿಟ್. ಲಾಸ್ ಏಂಜಲಿಸ್ ನಗರದ ಮೇಲೆ ಕವಿದು ಕಣ್ಣುರಿಯನ್ನುಂಟುಮಾಡುತ್ತಿದ್ದ ಮಬ್ಬಿಗೆ ಕಾರಣವು, ಉರಿಯದೆ ಹೊರಬಿದ್ದ ಹೈಡ್ರೋಕಾರ್ಬನ್ನುಗಳೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಪರಸ್ಪರ ವರ್ತಿಸುವುದೇ ಎಂದು ಆತನು ೧೯೫೦ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟನು. ಮುಂದೆ ಹಲವು ದೇಶಗಳಲ್ಲಿ ವಾಹನಗಳ ಹೊಗೆಗೆ ಮಿತಿಯನ್ನು ಗೊತ್ತುಪಡಿಸಿದ ಶಾಸನಗಳಿಗೆ ಇಂತಹ ಸಂಶೋಧನೆಗಳೇ ತಳಹದಿ.

ನಮ್ಮ ದೇಶದಲ್ಲಿ ಓಡುತ್ತಿರುವ ವಾಹನಗಳ ಹೊಗೆಯ ಮಿತಿಯನ್ನು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ೧೧೫ನೆಯ ನಿಯಮವು ಗೊತ್ತುಪಡಿಸುತ್ತದೆ. ಆರಂಭದಲ್ಲಿ ಪೆಟ್ರೋಲ್ ಕಾರುಗಳಿಗೆ ವಿಧಿಸಿದ್ದ ಮಿತಿಯು ಒಂದೇ: ಕಾರು ನಿಂತು ಎಂಜಿನ್ ಮಾತ್ರ ಮೆಲ್ಲನೆ ಓಡುತ್ತಿರುವ ಸ್ಥಿತಿಯಲ್ಲಿ, ಎಂದರೆ ಗ್ಯಾರೇಜಿನವರು ‘ಐಡ್ಲಿಂಗ್’ ಎನ್ನುವ ಸ್ಥಿತಿಯಲ್ಲಿ, ಹೊಗೆಯ ನೂರು ಭಾಗಕ್ಕೆ ಇಂಗಾಲದ ಮಾನಾಕ್ಸೈಡು ೩ ಭಾಗವನ್ನು ಮೀರಕೂಡದು. ೨೦೦೪ರ ಅಕ್ಟೋಬರಿನಿಂದ ಇದಕ್ಕೆ ಎರಡನೆಯ ಅಂಕವೊಂದು ಸೇರಿತು. ಭಾರತ್ ಸ್ಟೇಜ್ ೨ ಎಂಬ ಮಾನಕಕ್ಕೆ ಮುಂಚಿನ ಕಾರುಗಳಲ್ಲಿ ಮಾನಾಕ್ಸೈಡು ಶೇಕಡ ೩ರೊಳಗೂ, ಹೈಡ್ರೋಕಾರ್ಬನ್ನುಗಳು ಹತ್ತು ಲಕ್ಷಕ್ಕೆ ೧,೫೦೦ ಭಾಗದೊಳಗೂ ಇರತಕ್ಕದ್ದು. ಆ ಮಾನಕಕ್ಕೆ ಒಳಪಟ್ಟ ಕಾರುಗಳಿಗೆ ಇವು ಅನುಕ್ರಮವಾಗಿ ಶೇಕಡ ೦.೫ ಮತ್ತು ೭೫೦. ಭಾರತ್ ಸ್ಟೇಜ್ ೨ ದೇಶವ್ಯಾಪಿಯಾದುದು ೨೦೦೫ರಲ್ಲಿ. ಪ್ರಮಾಣಪತ್ರವು ಹಳೆಯ ಕಾರುಗಳಿಗೆ ಆರು ತಿಂಗಳ ಕಾಲ ಊರ್ಜಿತವಾಗಿರುತ್ತದೆ.

ಹಳೆಯ ಕಾರನ್ನು ಅಳೆಯುವ ಮಿತಿಯು ಅದು ಹುಟ್ಟಿದ ಕಾಲದ ಮಾನಕಕ್ಕೆ ಅನುಗುಣವಾಗಿದೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ೧೯೯೦ರ ಮಾರುತಿ ೮೦೦ ಕಾರನ್ನು ಇಂದಿನ ಹೊಸ ಕಾರಿನೊಡನೆ ಯಾರೂ ಹೋಲಿಸುತ್ತಿಲ್ಲ. ಅದು ತನ್ನ ಕಾಲದ ಆರೋಗ್ಯವನ್ನು ಉಳಿಸಿಕೊಂಡಿದೆಯೆ ಎಂಬುದಷ್ಟೇ ಇಲ್ಲಿಯ ಪ್ರಶ್ನೆ. ಸುಸ್ಥಿತಿಯಲ್ಲಿರುವ ಎಂಜಿನ್ನಿಗೆ ಶೇಕಡ ೩ ಎಂಬುದು ಕಠಿನವಾದ ಮಿತಿಯೇನೂ ಅಲ್ಲ.

೨. ದಹನದ ಲೆಕ್ಕಾಚಾರ

ಪೆಟ್ರೋಲು ಹಲವು ಹೈಡ್ರೋಕಾರ್ಬನ್ನುಗಳ ಮಿಶ್ರಣ. ಲೆಕ್ಕದ ಸೌಕರ್ಯಕ್ಕಾಗಿ ಅದನ್ನು ಕೇವಲ ಆಕ್ಟೇನ್ ಎಂದು ಭಾವಿಸೋಣ. ಆಕ್ಟೇನಿನ ಒಂದು ಅಣುವಿನಲ್ಲಿ ಇಂಗಾಲದ ೮ ಮತ್ತು ಜಲಜನಕದ ೧೮ ಪರಮಾಣುಗಳಿವೆ. ಇವೆಲ್ಲವೂ ಇಂಗಾಲದ ಡೈಆಕ್ಸೈಡು ಮತ್ತು ನೀರಾಗಿ ಪರಿಣಮಿಸಬೇಕಾದರೆ ಆಮ್ಲಜನಕದ ಹನ್ನೆರಡೂವರೆ ಅಣುಗಳು ಬೇಕು. ತೂಕದಲ್ಲಿ ಹೇಳುವುದಾದರೆ ೧೧೪ ಗ್ರಾಂ ಆಕ್ಟೇನಿಗೆ ೪೦೦ ಗ್ರಾಂ ಆಮ್ಲಜನಕ. ಗಾಳಿಯ ತೂಕದಲ್ಲಿ ಆಮ್ಲಜನಕದ ಪಾಲು ನೂರಕ್ಕೆ ಸುಮಾರು ೨೩ ಮಾತ್ರವಾದುದರಿಂದ ಇದಕ್ಕೆ ಸುಮಾರು ೧,೭೪೦ ಗ್ರಾಂ ಗಾಳಿ ಬೇಕಾಗುತ್ತದೆ. ಎಂದರೆ ಒಂದು ತೂಕ ಇಂಧನಕ್ಕೆ ಸುಮಾರು ಹದಿನೈದು ತೂಕ ಗಾಳಿ. ನಿಜವಾದ ಪೆಟ್ರೋಲಿಗೆ ಈ ಪ್ರಮಾಣವನ್ನು ೧೪.೭ ಎಂದು ಇಟ್ಟುಕೊಳ್ಳುವುದು ವಾಡಿಕೆ.

ಈ ಪ್ರಮಾಣಕ್ಕಿಂತ ಪೆಟ್ರೋಲು ಹೆಚ್ಚಾಗಿರುವುದನ್ನು ಗಾಢ ಮಿಶ್ರಣವೆಂದೂ, ಗಾಳಿ ಹೆಚ್ಚಾಗಿರುವುದನ್ನು ವಿರಳ ಮಿಶ್ರಣವೆಂದೂ ಕರೆಯೋಣ. ಗಾಢ ಮಿಶ್ರಣದಲ್ಲಿ ಎಲ್ಲ ಇಂಗಾಲಕ್ಕೂ ಸಾಲುವಷ್ಟು ಆಮ್ಲಜನಕವಿರುವುದಿಲ್ಲ. ಆಗ ಇಂಗಾಲದ ಒಂದಂಶವು ಎರಡರ ಬದಲು ಒಂದೇ ಆಮ್ಲಜನಕ ಪರಮಾಣುವಿನಿಂದ ತೃಪ್ತಿಗೊಂಡು ಮಾನಾಕ್ಸೈಡಾಗಿ ಹೊರಬೀಳುತ್ತದೆ. ಮಾನಾಕ್ಸೈಡೆಂದರೆ ಅರ್ಧ ಉರಿದ ಇಂಧನವೆಂದೇ ತಿಳಿಯಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹೀಮೊಗ್ಲಾಬಿನ್ನಿನೊಡನೆ ಅದು ಬೆರೆಯುವ ಪ್ರವೃತ್ತಿಯು ಆಮ್ಲಜನಕದ್ದಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲು. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ನನ್ನು ಓಡಿಸುವುದು ಪ್ರಾಣಾಂತಿಕವಾಗುವುದು ಇದರಿಂದಲೇ.

ಈಗ ಖರ್ಚಿನ ವಿಷಯವನ್ನು ನೋಡೋಣ. ಹೊಗೆಯಲ್ಲಿ ಮಾನಾಕ್ಸೈಡು ಶೇಕಡ ೩, ಡೈಆಕ್ಸೈಡು ಶೇಕಡ ೧೨ ಇದೆಯೆಂದಿಟ್ಟುಕೊಂಡರೆ, ಪೆಟ್ರೋಲಿನ ಇಂಗಾಲದಲ್ಲಿ ಐದರಲ್ಲೊಂದು ಪಾಲು ಅರ್ಧ ಮಾತ್ರ ಉರಿದಿದೆಯೆಂದಾಯಿತು. ಮಾನಾಕ್ಸೈಡು ಪೂರ್ಣವಾಗಿ ಉರಿದಿದ್ದರೆ ಕೊಡುತ್ತಿದ್ದ ಶಾಖವನ್ನು ಲೆಕ್ಕಹಾಕಿದರೆ, ಇಂಧನದ ಒಟ್ಟು ಶಾಖದಲ್ಲಿ ಶೇಕಡ ೯ರಷ್ಟು ಇದೊಂದರಿಂದಲೇ ನಷ್ಟವಾಗುತ್ತದೆ. ಮಾನಾಕ್ಸೈಡು ಶೇಕಡ ೬, ಡೈಆಕ್ಸೈಡು ಶೇಕಡ ೧೦ ಇರುವ ಕಾರಿನಲ್ಲಿ ನಷ್ಟವು ಸುಮಾರು ಆರರಲ್ಲೊಂದು ಭಾಗಕ್ಕೇರುತ್ತದೆ. ಆ ಸ್ಥಿತಿಯಲ್ಲಿ ಸುಟ್ಟ ಪ್ರತಿ ಆರು ಲೀಟರಿಗೆ ಒಂದು ಲೀಟರು ಯಾವ ಕೆಲಸವನ್ನೂ ಮಾಡದೆ ಸೈಲೆನ್ಸರಿನ ಮೂಲಕ ಹೊರಟುಹೋಗುತ್ತದೆ. ಅನುತ್ತೀರ್ಣವಾದ ಕಾರಿನ ಯಜಮಾನರು ದುರಸ್ತಿಯ ಖರ್ಚನ್ನು ಉಳಿಸಿದೆವೆಂದು ಭಾವಿಸಿದರೂ, ಆ ಖರ್ಚನ್ನು ಅವರು ಪೆಟ್ರೋಲ್ ಬಂಕಿನಲ್ಲಿ ಕಂತುಕಂತಾಗಿ ತೆರುತ್ತಿರುತ್ತಾರೆ.

ಹೈಡ್ರೋಕಾರ್ಬನ್ನಿನ ಅಂಕದ ಕಥೆ ಬೇರೆ. ಅದು ಅರ್ಧ ಉರಿದ ಇಂಧನವನ್ನಲ್ಲ, ಉರಿಯದೆಯೇ ಉಳಿದ ಇಂಧನವನ್ನು ಸೂಚಿಸುತ್ತದೆ. ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದರೆ ಅಲ್ಲಿಯ ಇಂಧನವು ಇದ್ದ ಹಾಗೆಯೇ ಹೊರಬೀಳುತ್ತದೆ. ಗ್ಯಾರೇಜಿನ ಮಾತಿನಲ್ಲಿ ಎಂಜಿನ್ ‘ಮಿಸ್ಸಿಂಗ್’ ಆಗುತ್ತದೆ. ಉರಿಯದ ಮಿಶ್ರಣದಲ್ಲಿ ಹೆಕ್ಸೇನಿನ ಲೆಕ್ಕದಲ್ಲಿ ಹತ್ತು ಲಕ್ಷಕ್ಕೆ ಸುಮಾರು ೨೨,೦೦೦ ಭಾಗ ಹೈಡ್ರೋಕಾರ್ಬನ್ ಇರುತ್ತದೆ. ಇಪ್ಪತ್ತು ಬಾರಿಗೆ ಒಮ್ಮೆ ಕಿಡಿ ತಪ್ಪಿದರೂ ಹೊಗೆಯ ಅಂಕಕ್ಕೆ ಸಾವಿರಕ್ಕೂ ಮಿಕ್ಕಿ ಸೇರುತ್ತದೆಂದಾಯಿತು. ೧,೫೦೦ರ ಮಿತಿಯನ್ನು ದಾಟಿಸಲು ಒಂದು ಸವೆದ ಪ್ಲಗ್ಗು ಸಾಕು.

೩. ಯಂತ್ರವು ಅಳೆಯುವ ಬಗೆ

ಪರೀಕ್ಷಾಕೇಂದ್ರದ ಯಂತ್ರವು ಹೊಗೆಯನ್ನು ಸೈಲೆನ್ಸರಿನ ಬಾಯಿಂದ ಒಂದು ನಳಿಕೆಯ ಮೂಲಕ ಹೀರಿಕೊಂಡು, ತೇವವನ್ನೂ ಮಸಿಯನ್ನೂ ಸೋಸಿ, ಅದರ ಮೂಲಕ ಅವಕೆಂಪು ಕಿರಣಗಳನ್ನು ಹಾಯಿಸುತ್ತದೆ. ಪ್ರತಿಯೊಂದು ಅನಿಲವೂ ತನಗೆ ವಿಶಿಷ್ಟವಾದ ತರಂಗದೂರದ ಕಿರಣಗಳನ್ನು ಹೀರುತ್ತದೆ: ಹೈಡ್ರೋಕಾರ್ಬನ್ನುಗಳು ಸುಮಾರು ೩.೪ ಮೈಕ್ರಾನಿನಲ್ಲಿ, ಡೈಆಕ್ಸೈಡು ೪.೩ರಲ್ಲಿ, ಮಾನಾಕ್ಸೈಡು ೪.೭ರ ಸಮೀಪದಲ್ಲಿ. ಕಿರಣವು ಎಷ್ಟು ಕ್ಷೀಣಿಸಿತೆಂಬುದರಿಂದ ಅನಿಲದ ಪ್ರಮಾಣವನ್ನು ನಿರ್ಣಯಿಸುತ್ತಾರೆ. ಆಮ್ಲಜನಕವು ಅವಕೆಂಪು ಕಿರಣಗಳನ್ನು ಹೀರುವುದಿಲ್ಲವಾದುದರಿಂದ, ಅದನ್ನೂ ಅಳೆಯುವ ಯಂತ್ರಗಳಲ್ಲಿ ವಿದ್ಯುದ್ರಾಸಾಯನಿಕ ಕೋಶವೊಂದನ್ನು ಅಳವಡಿಸಿರುತ್ತಾರೆ.

ಇಲ್ಲಿ ಒಂದು ಶಂಕೆಯುಂಟಾಗಬಹುದು. ಸೈಲೆನ್ಸರಿನಲ್ಲಿ ತೂತಿದ್ದು ಹೊರಗಿನ ಗಾಳಿಯು ಹೊಗೆಯೊಡನೆ ಬೆರೆತರೆ ಏನಾಗುತ್ತದೆ? ಹಾಲಿಗೆ ನೀರು ಬೆರೆಸಿದಂತೆ ಅಂಕಗಳೆಲ್ಲವೂ ತಗ್ಗುತ್ತವೆ. ಕೆಟ್ಟ ಎಂಜಿನ್ನೂ ಒಳ್ಳೆಯದೆಂದು ತೋರುತ್ತದೆ. ಡೈಆಕ್ಸೈಡನ್ನೂ ಅಳೆದರೆ ಈ ಮೋಸವು ಬಯಲಾಗುತ್ತದೆ. ಮಾನಾಕ್ಸೈಡು ಮತ್ತು ಡೈಆಕ್ಸೈಡುಗಳ ಮೊತ್ತವು ಸುಮಾರು ೧೫ ಆಗಬೇಕಾದುದು ನಿಯಮ. ಆದುದರಿಂದ ಯುರೋಪಿನ ಪರೀಕ್ಷಾನಿಯಮಗಳಲ್ಲಿ ನಾಲ್ಕು ಹೊಡೆತದ ಎಂಜಿನ್ನುಗಳಿಗೆ, ಕಂಡ ಮಾನಾಕ್ಸೈಡನ್ನು ೧೫ರಿಂದ ಗುಣಿಸಿ ಆ ಎರಡರ ಮೊತ್ತದಿಂದ ಭಾಗಿಸುವ ತಿದ್ದುಪಡಿಯನ್ನು ವಿಧಿಸಿದ್ದಾರೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಯಂತ್ರದಲ್ಲಿ ಮಾನಾಕ್ಸೈಡು ೨, ಡೈಆಕ್ಸೈಡು ೮ ಎಂದು ಕಂಡರೆ, ತಿದ್ದಿದ ಅಂಕವು ೨ನ್ನು ೧೫ರಿಂದ ಗುಣಿಸಿ ೧೦ರಿಂದ ಭಾಗಿಸಿದಾಗ ಬರುವ ೩. ಮೊದಲ ನೋಟಕ್ಕೆ ಸಲೀಸಾಗಿ ತೇರ್ಗಡೆಯಾದಂತೆ ಕಂಡ ಕಾರು ವಾಸ್ತವವಾಗಿ ಮಿತಿಯ ಅಂಚಿನಲ್ಲಿಯೇ ಇದೆ.

೪. ಅಂಕಗಳ ಅರ್ಥ

ನಾಲ್ಕು ಅನಿಲಗಳ ಅಂಕಗಳನ್ನೂ ಒಟ್ಟಿಗೆ ಓದುವುದನ್ನು ಅಭ್ಯಾಸ ಮಾಡಿಕೊಂಡವರಿಗೆ ದೋಷವು ಯಾವ ದಿಕ್ಕಿನಲ್ಲಿದೆಯೆಂಬುದು ಎಂಜಿನ್ನನ್ನು ಬಿಚ್ಚುವ ಮೊದಲೇ ಗೋಚರಿಸುತ್ತದೆ. ಮುಖ್ಯವಾದ ನಾಲ್ಕು ಸಂದರ್ಭಗಳನ್ನು ಇಲ್ಲಿ ಹೇಳಬಹುದು.

ಮೊದಲನೆಯದಾಗಿ, ಮಾನಾಕ್ಸೈಡು ಹೆಚ್ಚಾಗಿಯೂ ಆಮ್ಲಜನಕವು ಅತ್ಯಲ್ಪವಾಗಿಯೂ ಇದ್ದರೆ ಮಿಶ್ರಣವು ಗಾಢವಾಗಿದೆ. ಗಾಳಿಗೆ ಎಲ್ಲಿಯೋ ತಡೆಯುಂಟಾಗಿದೆ, ಇಲ್ಲವೆ ಪೆಟ್ರೋಲು ಎಲ್ಲಿಂದಲೋ ಹೆಚ್ಚಾಗಿ ಬರುತ್ತಿದೆ.

ಎರಡನೆಯದಾಗಿ, ಮಾನಾಕ್ಸೈಡು ಕಡಿಮೆಯಿದ್ದು ಹೈಡ್ರೋಕಾರ್ಬನ್ನೂ ಆಮ್ಲಜನಕವೂ ಹೆಚ್ಚಾಗಿದ್ದರೆ ಮಿಶ್ರಣವು ಉರಿಯಲಾರದಷ್ಟು ವಿರಳವಾಗಿದೆ. ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ಟಿನಲ್ಲಿಯೋ, ಬಿರುಕುಬಿಟ್ಟ ರಬ್ಬರ್ ಕೊಳವೆಯಲ್ಲಿಯೋ ಗಾಳಿಯು ಕಳ್ಳದಾರಿಯಿಂದ ಒಳಹೊಗುತ್ತಿರಬಹುದು.

ಮೂರನೆಯದಾಗಿ, ಮಾನಾಕ್ಸೈಡು ಸಾಧಾರಣವಾಗಿದ್ದು ಹೈಡ್ರೋಕಾರ್ಬನ್ ಮಾತ್ರ ವಿಪರೀತವಾಗಿದ್ದರೆ ಮಿಶ್ರಣವು ಸರಿಯಾಗಿದೆ, ಉರಿಸುವ ವ್ಯವಸ್ಥೆಯು ಕೆಟ್ಟಿದೆ. ಪ್ಲಗ್, ಅದರ ತಂತಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ, ಪಾಯಿಂಟು ಇವುಗಳಲ್ಲಿ ಯಾವುದೋ ಒಂದು ತಪ್ಪುತ್ತಿದೆ. ಸುಟ್ಟುಹೋದ ಕವಾಟವೂ ಇದೇ ಚಿಹ್ನೆಯನ್ನು ತೋರಿಸುವುದುಂಟು. ಸಿಲಿಂಡರುಗಳ ಒತ್ತಡವನ್ನು ಅಳೆದು ಇವೆರಡನ್ನೂ ಬೇರ್ಪಡಿಸಬಹುದು.

ನಾಲ್ಕನೆಯದಾಗಿ, ಡೈಆಕ್ಸೈಡೂ ಸೇರಿದಂತೆ ಎಲ್ಲವೂ ಕಡಿಮೆಯಿದ್ದು ಆಮ್ಲಜನಕವೊಂದೇ ಹೆಚ್ಚಾಗಿದ್ದರೆ ಹೊಗೆಗೆ ಗಾಳಿ ಬೆರೆಯುತ್ತಿದೆ. ಸೈಲೆನ್ಸರಿನ ತೂತನ್ನು ಮುಚ್ಚುವವರೆಗೆ ಆ ಅಂಕಗಳಿಂದ ಏನನ್ನೂ ನಿರ್ಣಯಿಸುವಂತಿಲ್ಲ.

೫. ಸರಿಪಡಿಸುವ ಕ್ರಮ

ಈ ವಿವೇಚನೆಯಿಂದ ದುರಸ್ತಿಗೆ ಒಂದು ಕ್ರಮವು ತಾನಾಗಿಯೇ ಸಿದ್ಧಿಸುತ್ತದೆ. ಕ್ರಮವೆಂಬುದಕ್ಕೆ ಇಲ್ಲಿ ಬಹಳ ಮಹತ್ತ್ವವಿದೆ. ಏಕೆಂದರೆ ಹಿಂದಿನ ಹೆಜ್ಜೆಯನ್ನು ಇಡದೆ ಮುಂದಿನದನ್ನು ಇಟ್ಟರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

ಎಲ್ಲಕ್ಕಿಂತ ಮೊದಲು ಸೈಲೆನ್ಸರನ್ನೂ ಅದರ ಜೋಡಣೆಗಳನ್ನೂ ನೋಡಿ ಸೋರಿಕೆಯನ್ನು ನಿಲ್ಲಿಸಬೇಕು. ಅನಂತರ ಏರ್ ಫಿಲ್ಟರನ್ನು ಪರೀಕ್ಷಿಸಬೇಕು. ಧೂಳಿನಿಂದ ಕಟ್ಟಿಕೊಂಡ ಫಿಲ್ಟರು ಅರ್ಧ ಎಳೆದ ಚೋಕಿನಂತೆಯೇ ವರ್ತಿಸುತ್ತದೆ. ಎಂಜಿನ್ ಆಯಿಲು ಹಳೆಯದಾಗಿದ್ದರೆ ಬದಲಿಸುವುದು ಲೇಸು. ಗಾಢ ಮಿಶ್ರಣದಲ್ಲಿ ಬಹುಕಾಲ ಓಡಿದ ಎಂಜಿನ್ನಿನ ಆಯಿಲಿನಲ್ಲಿ ಪೆಟ್ರೋಲು ಕರಗಿರುತ್ತದೆ. ಅದು ಆವಿಯಾಗಿ ಮತ್ತೆ ಕಾರ್ಬ್ಯುರೇಟರಿಗೆ ಬಂದು ಅಂಕವನ್ನು ಏರಿಸುತ್ತದೆ.

ಮೂರನೆಯದು ಟ್ಯಾಪೆಟ್ಟುಗಳ ಹೊಂದಾಣಿಕೆ. ಕವಾಟವು ಸರಿಯಾಗಿ ಮುಚ್ಚದಿದ್ದರೆ ಉಳಿದ ಯಾವ ಉಪಾಯವೂ ಫಲಿಸುವುದಿಲ್ಲ. ನಾಲ್ಕನೆಯದು ಕಿಡಿ. ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೆ ಅವೇ ಸಾಕ್ಷಿ ನುಡಿಯುತ್ತವೆ. ಒಣ ಕರಿಮಸಿಯು ಗಾಢ ಮಿಶ್ರಣವನ್ನೂ, ಎಣ್ಣೆಯ ಜಿಡ್ಡು ಪಿಸ್ಟನ್ ರಿಂಗುಗಳ ಅಥವಾ ಕವಾಟದ ಸೀಲುಗಳ ಸವೆತವನ್ನೂ, ತಿಳಿಗಂದು ಬಣ್ಣವು ಆರೋಗ್ಯವನ್ನೂ ಸೂಚಿಸುತ್ತವೆ. ಪ್ಲಗ್ಗು ಮತ್ತು ಪಾಯಿಂಟುಗಳ ಅಂತರವನ್ನೂ ಕಿಡಿಯ ವೇಳೆಯನ್ನೂ ತಯಾರಕರ ಕೈಪಿಡಿಯಲ್ಲಿ ಹೇಳಿರುವಂತೆ ಹೊಂದಿಸಬೇಕು.

ಐದನೆಯದು ಎಂಜಿನ್ನಿನ ಉಷ್ಣತೆ. ತಂಪಾದ ಎಂಜಿನ್ನಿನಲ್ಲಿ ಪೆಟ್ರೋಲು ಪೂರ್ಣವಾಗಿ ಆವಿಯಾಗುವುದಿಲ್ಲ. ಎಂಜಿನ್ ಅತಿಯಾಗಿ ಬಿಸಿಯಾಗುವುದೆಂಬ ಭಯದಿಂದ ಥರ್ಮೋಸ್ಟಾಟನ್ನೇ ಕಿತ್ತುಹಾಕುವ ರೂಢಿ ನಮ್ಮ ಕೆಲವು ಗ್ಯಾರೇಜುಗಳಲ್ಲಿದೆ. ಅಂತಹ ಎಂಜಿನ್ ತಕ್ಕ ಉಷ್ಣತೆಗೆ ಬರಲು ಬಹಳ ಹೊತ್ತು ಬೇಕಾಗುತ್ತದೆ. ಪರೀಕ್ಷೆಗೆ ಹೋಗುವ ಮುನ್ನ ಕಾರನ್ನು ಹತ್ತು ಹದಿನೈದು ನಿಮಿಷ ಓಡಿಸಿರಬೇಕೆಂಬ ಸಲಹೆಯು ಯುಕ್ತವಾದುದೇ. ಆದರೆ ಥರ್ಮೋಸ್ಟಾಟು ಇಲ್ಲದ ಕಾರಿನಲ್ಲಿ ಅದರಿಂದ ಪೂರ್ಣ ಪ್ರಯೋಜನವಾಗುವುದಿಲ್ಲ.

ಆರನೆಯದು ಕಾರ್ಬ್ಯುರೇಟರ್. ಚೋಕು ಪೂರ್ತಿ ತೆರೆಯುತ್ತಿದೆಯೆ? ಫ್ಲೋಟಿನ ಮಟ್ಟ ಸರಿಯಾಗಿದೆಯೆ? ಸೂಜಿಕವಾಟವು ಸವೆದು ಪೆಟ್ರೋಲು ತುಂಬಿ ಹರಿಯುತ್ತಿದೆಯೆ? ಗಾಳಿಯ ಸಣ್ಣ ರಂಧ್ರಗಳು ಕಟ್ಟಿಕೊಂಡಿವೆಯೆ? ಜೆಟ್ಟುಗಳನ್ನು ತಂತಿಯಿಂದ ಕೆರೆದು ಶುಚಿಮಾಡಿದರೆ ರಂಧ್ರವು ದೊಡ್ಡದಾಗಿ, ದೋಷವು ಶಾಶ್ವತವಾಗುತ್ತದೆ. ಒತ್ತಡದ ಗಾಳಿಯನ್ನೂ ದ್ರಾವಕವನ್ನೂ ಉಪಯೋಗಿಸಬೇಕು.

ಇವೆಲ್ಲವೂ ಮುಗಿದ ಮೇಲೆ, ಕಟ್ಟಕಡೆಯದಾಗಿ, ಮಿಶ್ರಣದ ತಿರುಪಿಗೆ ಕೈಹಾಕತಕ್ಕದ್ದು. ಎಂಜಿನ್ ಬಿಸಿಯಾಗಿರುವಾಗ, ಐಡ್ಲಿಂಗ್ ವೇಗವು ಪರಮಾವಧಿಗೆ ಬರುವಂತೆ ತಿರುಪನ್ನು ಹೊಂದಿಸಿ, ವೇಗವು ತುಸುವೇ ಇಳಿಯುವವರೆಗೆ ಮಿಶ್ರಣವನ್ನು ವಿರಳಗೊಳಿಸಿ, ಥ್ರಾಟಲಿನ ತಿರುಪಿನಿಂದ ವೇಗವನ್ನು ಕೈಪಿಡಿಯ ಮಟ್ಟಕ್ಕೆ ತರಬೇಕು. ಸುಸ್ಥಿತಿಯ ಎಂಜಿನ್ನಿನಲ್ಲಿ ಆಗ ಮಾನಾಕ್ಸೈಡು ಶೇಕಡ ಒಂದರಿಂದ ಎರಡರ ನಡುವೆ ನಿಲ್ಲುತ್ತದೆ. ಹಲವು ಕಾರ್ಬ್ಯುರೇಟರುಗಳಲ್ಲಿ ಈ ತಿರುಪನ್ನು ಒಳಕ್ಕೆ ತಿರುಗಿಸಿದರೆ ಮಿಶ್ರಣವು ವಿರಳವಾಗುತ್ತದೆ. ತಿರುಪು ಗಾಳಿಯನ್ನು ಮಾತ್ರ ನಿಯಂತ್ರಿಸುವ ಮಾದರಿಗಳಲ್ಲಿ ಪರಿಣಾಮವು ಇದಕ್ಕೆ ವಿರುದ್ಧ. ಈ ಭೇದವನ್ನು ತಿಳಿಯದೆ ತಿರುಗಿಸುವುದು ಸಲ್ಲದು.

ಮೊದಲೇ ಈ ತಿರುಪಿಗೆ ಕೈಹಾಕುವುದರಲ್ಲಿರುವ ತಪ್ಪೇನೆಂಬುದು ಈಗ ವಿಶದವಾಗುತ್ತದೆ. ಉಳಿದ ದೋಷಗಳನ್ನು ಹಾಗೆಯೇ ಬಿಟ್ಟು ತಿರುಪನ್ನು ಬಿಗಿಮಾಡಿದರೆ ಮಾನಾಕ್ಸೈಡು ಇಳಿಯುತ್ತದೆ, ನಿಜ. ಆದರೆ ಮಿಶ್ರಣವು ಹೊತ್ತಿಕೊಳ್ಳಲಾರದಷ್ಟು ವಿರಳವಾದ ಒಡನೆಯೇ ಹೈಡ್ರೋಕಾರ್ಬನ್ ಮೇಲೇರುತ್ತದೆ. ಮಾನಾಕ್ಸೈಡೊಂದನ್ನೇ ಅಳೆಯುತ್ತಿದ್ದ ಕಾಲದಲ್ಲಿ ಈ ಉಪಾಯವು ಸಲ್ಲುತ್ತಿತ್ತು. ೨೦೦೪ರಲ್ಲಿ ಎರಡನೆಯ ಅಂಕವು ಬಂದ ಮೇಲೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ.

೬. ಊರಿನ ಎತ್ತರ ಮತ್ತು ಇಂಧನದ ಬದಲಾವಣೆ

ಯಾವ ದೋಷವೂ ಇಲ್ಲದ ಕಾರು ಸಹ ಒಂದೂರಿನಲ್ಲಿ ತೇರ್ಗಡೆಯಾಗಿ ಇನ್ನೊಂದೂರಿನಲ್ಲಿ ಅನುತ್ತೀರ್ಣವಾಗಬಹುದು. ಮಂಗಳೂರು ಸಮುದ್ರಮಟ್ಟದಲ್ಲಿದೆ, ಬೆಂಗಳೂರು ಸುಮಾರು ೯೨೦ ಮೀಟರು ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆಯು ಶೇಕಡ ೮ರಿಂದ ೯ರಷ್ಟು ಕಡಿಮೆ. ಕಾರ್ಬ್ಯುರೇಟರಿನ ಕಿರಿದಾದ ಕಂಠದಲ್ಲಿ ಪೆಟ್ರೋಲನ್ನು ಸೆಳೆಯುವ ಒತ್ತಡಭೇದವು ಗಾಳಿಯ ಸಾಂದ್ರತೆಯನ್ನೂ ಅದರ ವೇಗದ ವರ್ಗವನ್ನೂ ಅನುಸರಿಸುತ್ತದೆ. ಹರಿಯುವ ಪೆಟ್ರೋಲಾದರೋ ಆ ಒತ್ತಡಭೇದದ ವರ್ಗಮೂಲವನ್ನು ಅನುಸರಿಸುತ್ತದೆ. ಇದರ ಫಲವಾಗಿ ಗಾಳಿಯ ತೂಕವು ಸಾಂದ್ರತೆಯ ಪ್ರಮಾಣದಲ್ಲಿಯೇ ಇಳಿದರೆ, ಪೆಟ್ರೋಲು ಅದರ ವರ್ಗಮೂಲದ ಪ್ರಮಾಣದಲ್ಲಿ ಮಾತ್ರ ಇಳಿಯುತ್ತದೆ. ಲೆಕ್ಕಹಾಕಿದರೆ ಮಿಶ್ರಣವು ಶೇಕಡ ನಾಲ್ಕಕ್ಕಿಂತ ತುಸು ಹೆಚ್ಚು ಗಾಢವಾಗುತ್ತದೆ. ಮಂಗಳೂರಿನಲ್ಲಿ ೧೪ರ ಪ್ರಮಾಣಕ್ಕೆ ಹೊಂದಿಸಿದ ಕಾರು ಶಿರಾಡಿ ಘಾಟಿಯನ್ನು ಹತ್ತಿ ಬೆಂಗಳೂರಿಗೆ ಬರುವ ವೇಳೆಗೆ ೧೩.೪ಕ್ಕೆ ಇಳಿದಿರುತ್ತದೆ, ಎರಡರ ಒಳಗಿದ್ದ ಮಾನಾಕ್ಸೈಡಿನ ಅಂಕವು ಮೂರನ್ನು ಮುಟ್ಟಬಹುದು. ಈ ಲೆಕ್ಕ ಕಾರ್ಬ್ಯುರೇಟರಿನ ಮುಖ್ಯ ಕಂಠಕ್ಕೆ ಸಂಬಂಧಿಸಿದುದಾದರೂ ಐಡ್ಲಿಂಗಿನಲ್ಲಿಯೂ ಪರಿಣಾಮದ ದಿಕ್ಕು ಇದೇ. ಆದುದರಿಂದ ಎತ್ತರದ ಊರಿಗೆ ಬಂದು ನೆಲೆಸಿದ ಹಳೆಯ ಕಾರನ್ನು ಆ ಊರಿನಲ್ಲಿಯೇ ಹೊಸದಾಗಿ ಹೊಂದಿಸುವುದು ಅವಶ್ಯಕ. ಇಂಜೆಕ್ಷನ್ ವ್ಯವಸ್ಥೆಯುಳ್ಳ ಕಾರುಗಳು ಈ ತಿದ್ದುಪಡಿಯನ್ನು ತಾವಾಗಿಯೇ ಮಾಡಿಕೊಳ್ಳುತ್ತವೆ.

ಇನ್ನೊಂದು ವ್ಯತ್ಯಾಸವು ಪೆಟ್ರೋಲಿನದು. ೨೦೨೫ರ ವೇಳೆಗೆ ನೂರಕ್ಕೆ ೨೦ ಭಾಗ ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟವು ದೇಶದಲ್ಲಿ ವ್ಯಾಪಕವಾಯಿತು. ಎಥೆನಾಲಿನ ಅಣುವಿನಲ್ಲಿಯೇ ಆಮ್ಲಜನಕವಿರುವುದರಿಂದ ಅದು ಉರಿಯಲು ಒಂಬತ್ತು ಪಟ್ಟು ಗಾಳಿ ಸಾಕು. ಈ ಮಿಶ್ರ ಇಂಧನಕ್ಕೆ ಬೇಕಾದ ಗಾಳಿಯು ಸುಮಾರು ೧೩.೫ ಪಟ್ಟು. ಶುದ್ಧ ಪೆಟ್ರೋಲಿಗೆಂದು ಹೊಂದಿಸಿದ ಕಾರ್ಬ್ಯುರೇಟರಿನಲ್ಲಿ ಇದನ್ನು ಉರಿಸಿದರೆ ಮಿಶ್ರಣವು ಶೇಕಡ ಏಳೆಂಟರಷ್ಟು ವಿರಳವಾಗುತ್ತದೆ. ಮಾನಾಕ್ಸೈಡು ಇಳಿಯುವುದು ಒಳ್ಳೆಯದೇ; ಆದರೆ ಮೊದಲೇ ವಿರಳವಾಗಿ ಹೊಂದಿಸಿದ ಎಂಜಿನ್ನಿನಲ್ಲಿ ಮಿಸ್ಸಿಂಗ್ ತೋರಿ ಹೈಡ್ರೋಕಾರ್ಬನ್ ಏರಬಹುದು. ಎಥೆನಾಲಿಗೆಂದು ಮಾಡದ ಹಳೆಯ ರಬ್ಬರ್ ಕೊಳವೆಗಳೂ ಪಂಪಿನ ಪೊರೆಗಳೂ ಅದರಿಂದ ಬೇಗ ಶಿಥಿಲವಾಗುವುದುಂಟು. ಹಳೆಯ ಕಾರಿನಲ್ಲಿ ಇವುಗಳನ್ನು ಬದಲಿಸುವುದು ಹೊಗೆಯ ದೃಷ್ಟಿಯಿಂದಲೂ, ಬೆಂಕಿಯ ಅಪಾಯದ ದೃಷ್ಟಿಯಿಂದಲೂ ಯುಕ್ತ.

೭. ಕ್ರಿಯಾವರ್ಧಕವುಳ್ಳ ಕಾರುಗಳು

ನಮ್ಮ ನಾಲ್ಕು ಮಹಾನಗರಗಳಲ್ಲಿ ೧೯೯೫ರಿಂದ ಹೊಸ ಪೆಟ್ರೋಲ್ ಕಾರುಗಳಿಗೆ ಕ್ರಿಯಾವರ್ಧಕ ಪರಿವರ್ತಕವನ್ನು ಕಡ್ಡಾಯಗೊಳಿಸಲಾಯಿತು. ಸೀಸವು ಈ ಪರಿವರ್ತಕಕ್ಕೆ ವಿಷಪ್ರಾಯವಾದುದರಿಂದ ಸೀಸರಹಿತ ಪೆಟ್ರೋಲೂ ಅದರೊಡನೆಯೇ ಬಂದಿತು. ೨೦೦೦ದಲ್ಲಿ ಸೀಸಮಿಶ್ರಿತ ಪೆಟ್ರೋಲು ದೇಶದಲ್ಲೆಲ್ಲ ನಿಂತಿತು. ಪಿಂಗಾಣಿಯ ಜೇನುಹುಟ್ಟಿನಂತಹ ರಚನೆಯ ಮೇಲೆ ಪ್ಲಾಟಿನಮ್, ಪಲ್ಲೇಡಿಯಮ್, ರೋಡಿಯಮ್ ಲೋಹಗಳ ತೆಳು ಲೇಪವಿರುವುದೇ ಪರಿವರ್ತಕ. ಮಾನಾಕ್ಸೈಡು, ಹೈಡ್ರೋಕಾರ್ಬನ್, ಸಾರಜನಕದ ಆಕ್ಸೈಡು ಈ ಮೂರನ್ನೂ ಅದು ಏಕಕಾಲದಲ್ಲಿ ನಿವಾರಿಸಬೇಕಾದರೆ ಮಿಶ್ರಣವು ೧೪.೭ರ ಆಸುಪಾಸಿನಲ್ಲಿಯೇ ನಿಲ್ಲಬೇಕು. ಹೊಗೆಯ ಕೊಳವೆಯಲ್ಲಿರುವ ಆಮ್ಲಜನಕದ ಸೆನ್ಸರು ಅದನ್ನು ಕಾಯುತ್ತಿರುತ್ತದೆ.

ಇಂತಹ ಕಾರು ಅನುತ್ತೀರ್ಣವಾದರೆ ಪರಿವರ್ತಕವೇ ಹಾಳಾಗಿದೆಯೆಂದು ಆತುರದಿಂದ ತೀರ್ಮಾನಿಸಬಾರದು. ಅದು ಕೆಲಸ ಆರಂಭಿಸಲು ಸುಮಾರು ೩೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಬೇಕು. ತಣ್ಣಗಿರುವ ಕಾರನ್ನು ಪರೀಕ್ಷೆಗೆ ಒಡ್ಡಿದರೆ ಸೋಲು ಸಹಜ. ಮುಪ್ಪಾದ ಸೆನ್ಸರು, ಎಂಜಿನ್ ಇನ್ನೂ ತಣ್ಣಗಿದೆಯೆಂದು ಸುಳ್ಳು ವರದಿ ಕೊಡುವ ಉಷ್ಣತಾಸೂಚಿ, ತೊಟ್ಟಿಕ್ಕುವ ಇಂಜೆಕ್ಟರು ಇವುಗಳನ್ನು ಮೊದಲು ಪರೀಕ್ಷಿಸಬೇಕು. ಕಿಡಿ ತಪ್ಪುವ ಎಂಜಿನ್ನಿಗೆ ಹೊಸ ಪರಿವರ್ತಕವನ್ನು ಹಾಕುವುದು ವ್ಯರ್ಥ. ಉರಿಯದ ಇಂಧನವು ಅದರೊಳಗೆ ಹೊತ್ತಿಕೊಂಡು, ಆ ಶಾಖಕ್ಕೆ ಜೇನುಹುಟ್ಟು ಕರಗಿಹೋಗುತ್ತದೆ.

೮. ಪರೀಕ್ಷೆಯ ಮಿತಿ

ಈ ಪರೀಕ್ಷೆಯು ಎಲ್ಲವನ್ನೂ ಕಾಣುತ್ತದೆಯೆಂದು ಭಾವಿಸಕೂಡದು. ಸಾರಜನಕದ ಆಕ್ಸೈಡುಗಳು ಹೆಚ್ಚಾಗಿ ಹುಟ್ಟುವುದು ಎಂಜಿನ್ ಭಾರವನ್ನು ಎಳೆಯುವಾಗ, ಸಿಲಿಂಡರಿನ ಉಷ್ಣತೆಯು ತೀರ ಏರಿದಾಗ. ನಿಂತ ಕಾರಿನಲ್ಲಿ ಅವು ಅಲ್ಪ. ನಮ್ಮ ಪರೀಕ್ಷೆಯು ಅವುಗಳನ್ನು ಅಳೆಯುವುದೂ ಇಲ್ಲ. ಕಿಡಿಯ ವೇಳೆಯನ್ನು ತಡಮಾಡಿದರೆ ಹೊಗೆಯು ಕೊಳವೆಯಲ್ಲಿ ಇನ್ನಷ್ಟು ಉರಿದು ಹೈಡ್ರೋಕಾರ್ಬನ್ ಇಳಿಯುತ್ತದೆ, ಆದರೆ ಪೆಟ್ರೋಲಿನ ಖರ್ಚು ಏರುತ್ತದೆ. ಹೀಗೆ ಅಂಕವನ್ನು ಮಾತ್ರ ಸರಿಪಡಿಸುವ ಉಪಾಯಗಳು ಇನ್ನೂ ಉಳಿದಿವೆ. ಪರೀಕ್ಷೆಗೆ ಮಾತ್ರ ಎಂಜಿನ್ನನ್ನು ಸಜ್ಜುಗೊಳಿಸುವ ಚಪಲವು ಗ್ಯಾರೇಜಿಗಷ್ಟೇ ಸೇರಿದ್ದೂ ಅಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯು ತನ್ನ ಡೀಸೆಲ್ ಕಾರುಗಳಲ್ಲಿ ಪರೀಕ್ಷೆಯನ್ನು ಗುರುತಿಸಿ ಆಗ ಮಾತ್ರ ಹೊಗೆಯನ್ನು ತಗ್ಗಿಸುವ ಏರ್ಪಾಡನ್ನು ಅಳವಡಿಸಿದ್ದುದು ೨೦೧೫ರಲ್ಲಿ ಬಯಲಿಗೆ ಬಂದಿತು. ಲೋಕದಾದ್ಯಂತ ಅಂತಹ ಕಾರುಗಳ ಸಂಖ್ಯೆ ಸುಮಾರು ಒಂದು ಕೋಟಿ ಹತ್ತು ಲಕ್ಷವೆಂದು ಆ ಸಂಸ್ಥೆಯೇ ಒಪ್ಪಿಕೊಂಡಿತು.

ಪರೀಕ್ಷೆಗಾಗಿ ಕಂಠಪಾಠ ಮಾಡುವುದಕ್ಕೂ ವಿಷಯವನ್ನು ಅರಿಯುವುದಕ್ಕೂ ಇರುವ ಅಂತರವನ್ನು ಅಧ್ಯಾಪಕರಿಗೆ ಬೇರೆಯಾಗಿ ವಿವರಿಸಬೇಕಾಗಿಲ್ಲ. ವಿಷಯವನ್ನು ಅರಿತವನು ಪರೀಕ್ಷೆಯಲ್ಲಿ ತೇರ್ಗಡೆಯಾಗುವಂತೆ, ಸರಿಯಾಗಿ ಉರಿಯುವ ಎಂಜಿನ್ ಯಾವ ಕೈಚಳಕವೂ ಇಲ್ಲದೆ ತೇರ್ಗಡೆಯಾಗುತ್ತದೆ. ಪರೀಕ್ಷೆಯೇ ನಂಬಿಕೆಯನ್ನು ಕಳೆದುಕೊಂಡರೆ ಆಗುವ ಹಾನಿಯು ಗಾಳಿಗಷ್ಟೇ ಅಲ್ಲ. ದೆಹಲಿಯಲ್ಲಿ ಹದಿನೈದು ವರ್ಷ ಮೀರಿದ ವಾಹನಗಳು ರಸ್ತೆಗಿಳಿಯಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ೨೦೧೪ರಲ್ಲಿ ಆದೇಶಿಸಿದಾಗ, ಕಾರನ್ನು ಅದರ ಹೊಗೆಯಿಂದಲ್ಲದೆ ವಯಸ್ಸಿನಿಂದ ಅಳೆದಂತಾಯಿತು. ಮೋಟಾರು ವಾಹನಗಳ ಕಾಯಿದೆಯಾದರೋ ಹದಿನೈದು ವರ್ಷ ಕಳೆದ ಕಾರಿನ ನೋಂದಣಿಯನ್ನು, ಅದು ಸುಸ್ಥಿತಿಯಲ್ಲಿದ್ದರೆ, ಐದೈದು ವರ್ಷಗಳಿಗೆ ನವೀಕರಿಸಲು ಅವಕಾಶ ಕೊಟ್ಟಿದೆ. ಹಳೆಯ ಕಾರನ್ನು ಅದರ ಸ್ಥಿತಿಯಿಂದಲೇ ಅಳೆಯಬೇಕೆಂದು ವಾದಿಸುವವರು, ಆ ಅಳತೆಯು ಸತ್ಯವಾಗಿರುವಂತೆ ನೋಡಿಕೊಳ್ಳುವ ಹೊಣೆಯನ್ನೂ ಹೊರಬೇಕು.

ನಮ್ಮ ಕಾಲೇಜುಗಳ ಭೌತ ರಸಾಯನ ಶಾಸ್ತ್ರಗಳ ವಿದ್ಯಾರ್ಥಿಗಳಿಗೆ ಇದು ಕೈಗೆಟುಕುವ ಪ್ರಯೋಗವೂ ಆಗಿದೆ. ದುರಸ್ತಿಗೆ ಮುಂಚಿನ ಮತ್ತು ಅನಂತರದ ಅಂಕಗಳನ್ನು ಪಡೆದು, ಇಂಗಾಲದ ಲೆಕ್ಕವನ್ನು ಮೇಲೆ ಹೇಳಿದಂತೆ ಮಾಡಿ, ಉಳಿತಾಯವಾದ ಪೆಟ್ರೋಲಿನೊಡನೆ ಅದನ್ನು ತಾಳೆನೋಡಬಹುದು. ಇಂತಹ ಒಂದೆರಡು ಲೆಕ್ಕಗಳನ್ನು ಸ್ವತಃ ಮಾಡಿ ನೋಡಿದವರು, ತಮ್ಮ ಮನೆಯ ಕಾರನ್ನು ಪರೀಕ್ಷೆಗೆ ಒಯ್ಯುವಾಗ, ಪ್ರಮಾಣಪತ್ರಕ್ಕಿಂತ ಮೊದಲು ಅದರ ಮೇಲೆ ಅಚ್ಚಾಗಿರುವ ಅಂಕಗಳನ್ನು ಓದುವರೆಂದು ನಂಬಬಹುದು.